ಕೊನೆಯ ಸಾಲಿನಲ್ಲಿ ಯಾರ ಹೆಸರು?

(ರಾಮನಗರದಲ್ಲಿ ಸೇರಿದ್ದ ಕನ್ನಡ ಹುಡುಗರ ಸಭೆಯಲ್ಲಿ, ಈ ಪತ್ರಿಕೆಯನ್ನು ಅಚ್ಚು ಹಾಕುವ ಪ್ರೆಸ್ಸಿನ ಮಾಲೀಕರು ಆಡಿದ ಮಾತು. ಸಭೆಗೆ ಬಾರದೆ ಈಗ ಓದುತ್ತಿರುವ ನಿಮಗಾಗಿ ಅವರೇ ಬರೆದುಕೊಟ್ಟದ್ದು.)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು, ಜಾತ್ರೆಯ ವಾಲ್‌ಪೋಸ್ಟರು, ನಿಮ್ಮ ರಾಜ್ಯೋತ್ಸವದ ರಸೀದಿ ಪುಸ್ತಕ, ಇವೇ ನನ್ನ ಸಾಹಿತ್ಯ. ಬೇರೆಯವರ ಮಾತನ್ನು ಅಚ್ಚು ಹಾಕುವುದು ನನ್ನ ಕೆಲಸ. ಇವತ್ತು ನಾನೇ ಮಾತಾಡುವ ಹಾಗಾಗಿದ್ದಕ್ಕೆ ನಿಮ್ಮೊಳಗಿನ ಇಬ್ಬರು ಹುಡುಗರು ಕಾರಣ.

ಹೋದ ತಿಂಗಳು ಒಂದು ರಾತ್ರಿ, ಶಟರ್ ಎಳೆಯುವ ಹೊತ್ತಿಗೆ ಅವರು ಬಂದರು. ಕೈಯಲ್ಲಿ ಒಂದು ಕರಪತ್ರದ ಬರಹ. ಇಲ್ಲಿನ ಒಂದು ಬ್ಯಾಂಕಿನಲ್ಲಿ ಕನ್ನಡದಲ್ಲಿ ಚಲನ್ ಬರೆದುಕೊಟ್ಟರೆ ವಾಪಸ್ ತಳ್ಳುತ್ತಾರೆ, ಹಳ್ಳಿಯಿಂದ ಬಂದ ಮುದುಕರನ್ನು ಹಿಂದಿಯಲ್ಲಿ ಗದರುತ್ತಾರೆ ಎಂದು ಬರೆದಿದ್ದರು. ಬರಹ ಚೆನ್ನಾಗಿತ್ತು, ಕಾಗುಣಿತ ಮಾತ್ರ ನಾನು ತಿದ್ದಬೇಕಾಗಿತ್ತು. ಕೊನೆಯಲ್ಲಿ ಇಂಥ ದಿನ ರಾತ್ರಿ 11 ಗಂಟೆಗೆ ಸೇರಿ ಆ ಬೋರ್ಡಿಗೆ ಮಸಿ ಬಳಿಯೋಣ ಎಂಬ ಕರೆ.

"ಕೆಳಗೆ ಯಾರ ಹೆಸರು ಹಾಕಲಿ?" ಎಂದೆ.

"ಯಾರದೂ ಬೇಡ ಅಣ್ಣಾ."

"ಪ್ರೆಸ್ಸಿನ ಹೆಸರು?"

"ಅದೂ ಬೇಡ. ಸುಮ್ನೆ ನಿಮಗ್ಯಾಕೆ ತೊಂದರೆ?"

ನನ್ನ ಮೇಲಿನ ಅಕ್ಕರೆಗೆ ಸಂತೋಷ. ಅಚ್ಚು ಹಾಕಲಿಲ್ಲ. ಮೆಟ್ಟಿಲಿಳಿಯುವಾಗ ಒಬ್ಬ ಇನ್ನೊಬ್ಬನಿಗೆ "ಅಣ್ಣ ಹೆದರ್ಕೊಂಡ್ರು ಕಣೋ" ಅಂದದ್ದು ಕೇಳಿಸಿತು. ಹೆದರಿದೆನೋ ಇಲ್ಲವೋ, ನೀವೇ ಓದಿ ಹೇಳಿ.

ಪ್ರೆಸ್ಸಿನವನಿಗೆ ಕಾಯಿದೆ ಎಂದರೆ ಕರಪತ್ರದ ಕೊನೆಯ ಸಾಲು. ನೀವು ಯಾರೂ ಅದನ್ನು ಓದುವುದಿಲ್ಲ. ಮುದ್ರಣ ಇಂಥವರದು, ಇಂಥ ರಸ್ತೆ, ಇಂಥ ಊರು ಅಂತ ಇರುವೆಯಷ್ಟು ಅಕ್ಷರದಲ್ಲಿ ಇರುತ್ತದೆ. 1857ರ ದಂಗೆಯಾಗಿ ಹತ್ತು ವರ್ಷಕ್ಕೆ, 1867ರಲ್ಲಿ, ಬ್ರಿಟಿಷರು ಮುದ್ರಣಾಲಯ ಮತ್ತು ಪುಸ್ತಕ ನೋಂದಣಿಯ ಕಾಯಿದೆ ತಂದರು. ಅದರ 3ನೇ ಕಲಂ ಪ್ರಕಾರ ಅಚ್ಚಾದ ಪ್ರತಿ ಪುಸ್ತಕ, ಪ್ರತಿ ಹಾಳೆಯ ಮೇಲೆ ಮುದ್ರಕನ ಹೆಸರು ಮತ್ತು ಮುದ್ರಣದ ಸ್ಥಳ ಇರಬೇಕು. ಪ್ರಕಟಿಸಿದರೆ ಪ್ರಕಾಶಕನ ಹೆಸರೂ ಇರಬೇಕು. ತಪ್ಪಿದರೆ 2000 ರೂಪಾಯಿವರೆಗೆ ದಂಡ, ಇಲ್ಲವೇ 6 ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಬಿಳಿಯರು ಹೋದರು, ಕಾಯಿದೆ ಉಳಿಯಿತು. 2023ರಲ್ಲಿ ಹೊಸ ಕಾಯಿದೆಯಾಗಿ, ಅದು 2024ರ ಮಾರ್ಚ್ 1ರಿಂದ ಜಾರಿಗೆ ಬಂದಾಗಲೇ ಹಳೆಯದು ಹೋದದ್ದು. ಹೊಸದು ಪತ್ರಿಕೆಗಳಿಗೆ ಸಂಬಂಧಿಸಿದ್ದು, ಪುಸ್ತಕಗಳನ್ನು ಕೈಬಿಟ್ಟಿದೆ. ಚುನಾವಣೆಯ ಕರಪತ್ರಕ್ಕೆ ಬೇರೆಯೇ ಕಟ್ಟು: 1951ರ ಜನಪ್ರತಿನಿಧಿ ಕಾಯಿದೆಯ 127ಎ ಪ್ರಕಾರ ಮುದ್ರಕ, ಪ್ರಕಾಶಕ ಇಬ್ಬರ ಹೆಸರು, ವಿಳಾಸ ಇರಲೇಬೇಕು. ಅಚ್ಚು ಹಾಕಿಸುವವನು ಘೋಷಣೆಗೆ ಸಹಿ ಮಾಡಬೇಕು, ಅವನನ್ನು ಬಲ್ಲ ಇಬ್ಬರು ಸಾಕ್ಷಿ ಹಾಕಬೇಕು.

1867ರವರು ಇದನ್ನು ಯಾಕೆ ಮಾಡಿದರು ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಬರೆದವನು ಸಿಗದಿದ್ದರೆ ಅಚ್ಚು ಹಾಕಿದವನ ಕುತ್ತಿಗೆ ಹಿಡಿಯಲಿಕ್ಕೆ. ಆದರೂ ಆ ಸಾಲಿನ ಮೇಲೆ ನನಗೆ ಗೌರವ ಇದೆ. ಹೆಸರಿಲ್ಲದ ಹಾಳೆಗಳನ್ನು ನಾನು ಕಂಡಿದ್ದೇನೆ. ಪಂಚಾಯಿತಿ ಚುನಾವಣೆಯ ಹಿಂದಿನ ರಾತ್ರಿ ನಿಂತ ಹೆಣ್ಣುಮಗಳ ಮಾನ ತೆಗೆದು ಬರೆದ ಹಾಳೆ ಮನೆಮನೆಯ ಬಾಗಿಲ ಸಂದಿಯಲ್ಲಿ ಬಿದ್ದಿರುತ್ತದೆ. ಕೇಳೋಣ ಎಂದರೆ ಯಾರನ್ನು ಕೇಳುವುದು? ಹೇಡಿಯ ಕೈಯಲ್ಲಿ ಅಚ್ಚು ಸಿಕ್ಕರೆ ಏನಾಗುತ್ತದೆ ಎಂಬುದು ಪ್ರೆಸ್ಸಿನವನಿಗೆ ಗೊತ್ತಿರುವಷ್ಟು ಪೊಲೀಸಿನವನಿಗೂ ಗೊತ್ತಿಲ್ಲ.

ಹಾಗಾದರೆ ಕಾಯಿದೆ ಹೇಳಿದ್ದೆಲ್ಲ ಸರಿಯೇ? ಅಲ್ಲ. ನಮ್ಮ ಸೀಮೆಯವರೇ ಒಬ್ಬರ ಕತೆ ಕೇಳಿ.

ಎಚ್.ಎಸ್. ದೊರೆಸ್ವಾಮಿ. ಹಾರೋಹಳ್ಳಿಯಲ್ಲಿ 1918ರ ಏಪ್ರಿಲ್ 10ರಂದು ಹುಟ್ಟಿದವರು. ಆಗ ಅದು ಕನಕಪುರ ತಾಲ್ಲೂಕು. ಈಗ ಹಾರೋಹಳ್ಳಿಯೇ ಒಂದು ತಾಲ್ಲೂಕು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ಜಿಲ್ಲೆಯಾಯಿತು, 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. (ಲೆಟರ್‌ಹೆಡ್ಡು, ಸೀಲು ಎಲ್ಲ ಮತ್ತೆ ಮಾಡಿಸಬೇಕಾಗಿ ಬಂದು ನಮ್ಮಂಥವರಿಗೆ ನಾಲ್ಕು ಕಾಸಾಯಿತು. ಬಾಯಿಗೆ ಮಾತ್ರ ಇನ್ನೂ ರಾಮನಗರವೇ ಬರುತ್ತದೆ.)

1942ರಲ್ಲಿ ಅವರು ಬೆಂಗಳೂರಿನ ಹೈಸ್ಕೂಲೊಂದರಲ್ಲಿ ಮೇಷ್ಟ್ರು. ವಯಸ್ಸು 24. ಕ್ವಿಟ್ ಇಂಡಿಯಾ ಚಳವಳಿ ಶುರುವಾಯಿತು. ಈ ಮೇಷ್ಟ್ರು ಗೆಳೆಯರ ಜೊತೆ ಸೇರಿ ಅಂಚೆ ಡಬ್ಬಗಳಲ್ಲಿ, ಸರ್ಕಾರಿ ದಾಖಲೆ ಕೊಠಡಿಗಳಲ್ಲಿ ಸಣ್ಣ ಟೈಂ ಬಾಂಬ್ ಇಡುವ ಕೆಲಸಕ್ಕೆ ಇಳಿದರು. ಕಾಗದ ಸುಡಬೇಕು, ಸರ್ಕಾರದ ಪತ್ರ ವ್ಯವಹಾರ ನಿಲ್ಲಬೇಕು, ಜನರಿಗೆ ಏಟಾಗಬಾರದು ಎಂಬುದು ಅವರ ಲೆಕ್ಕ. ಡಿಸೆಂಬರಿನಲ್ಲಿ ಸಿಕ್ಕಿಬಿದ್ದರು. 14 ತಿಂಗಳು ಜೈಲು.

1947. ದೇಶಕ್ಕೆ ಸ್ವಾತಂತ್ರ್ಯ ಬಂತು, ಮೈಸೂರಿನಲ್ಲಿ ಮಾತ್ರ ಇನ್ನೂ ದಿವಾನರ ಆಡಳಿತ. ಜವಾಬ್ದಾರಿ ಸರ್ಕಾರ ಕೊಡಿ ಎಂದು ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಎದ್ದಿತು. ದೊರೆಸ್ವಾಮಿಯವರ ಕೈಯಲ್ಲಿ 'ಪೌರವಾಣಿ' ಪತ್ರಿಕೆ ಇತ್ತು. ಸಂಸ್ಥಾನದ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಲು ಹೊರಟಾಗ ಅವರು ಅದನ್ನು ಗಡಿಯಾಚೆಯ ಹಿಂದೂಪುರಕ್ಕೆ ಒಯ್ದು ಅಲ್ಲಿಂದ ಹೊರಡಿಸಿದರು. ಹಿಂದೂಪುರ ಆಗ ಮದ್ರಾಸ್ ಪ್ರಾಂತ್ಯ, ಮೈಸೂರಿನ ಕಾಯಿದೆ ಅಲ್ಲಿ ನಡೆಯುವುದಿಲ್ಲ. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಪ್ರೆಸ್ಸಿನವನಾಗಿ ಈ ಹಿಂದೂಪುರದ ಉಪಾಯ ನೆನೆಸಿಕೊಂಡಾಗೆಲ್ಲ ನನಗೆ ನಗು ಬರುತ್ತದೆ.

1975. ತುರ್ತು ಪರಿಸ್ಥಿತಿ. ಈ ಸಲ ಬಾಂಬೂ ಇಲ್ಲ, ಗಡಿಯೂ ಇಲ್ಲ. ಒಂದು ಹಾಳೆ ತೆಗೆದುಕೊಂಡು ಪ್ರಧಾನಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದರು. ನೀವು ಸರ್ವಾಧಿಕಾರಿಯ ಹಾಗೆ ನಡೆದುಕೊಳ್ಳುತ್ತಿದ್ದೀರಿ, ಇದನ್ನು ಬಿಡದಿದ್ದರೆ ಊರೂರಿಗೆ ಹೋಗಿ ಜನಕ್ಕೆ ಹೇಳುತ್ತೇನೆ ಎಂಬುದು ಅದರ ತಾತ್ಪರ್ಯ. ಕೆಳಗೆ ಅವರದೇ ಹೆಸರು. 4 ತಿಂಗಳು ಜೈಲು.

ಗೆಳೆಯರೇ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರೇ ಮನುಷ್ಯ. 24ರಲ್ಲಿ ಹೆಸರು ಬಚ್ಚಿಟ್ಟು ಕಾಯಿದೆ ಮುರಿದರು. 57ರಲ್ಲಿ ಸಹಿ ಹಾಕಿ ಮುರಿದರು. 2021ರ ಮೇ 26ರಂದು, 103ನೇ ವಯಸ್ಸಿನಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಭೂಗಳ್ಳರ ವಿರುದ್ಧ ಧರಣಿ ಕೂತವರು. ಬೆಂಗಳೂರಿನಲ್ಲಿ 2021ರ ಆದೇಶದ ಪ್ರಕಾರ ಪ್ರತಿಭಟನೆ ಎಂದರೆ ಫ್ರೀಡಂ ಪಾರ್ಕಿಗೇ ಹೋಗಬೇಕು. ಆ ಫ್ರೀಡಂ ಪಾರ್ಕ್ ಹಿಂದೆ ಏನಾಗಿತ್ತು? ಸೆಂಟ್ರಲ್ ಜೈಲು! ಅವತ್ತು ಕೂಗಿದವರನ್ನು ಒಯ್ದು ಹಾಕುತ್ತಿದ್ದ ಜಾಗಕ್ಕೆ ಇವತ್ತು ಕೂಗುವವರು ತಾವಾಗಿಯೇ ಅರ್ಜಿ ಕೊಟ್ಟು ಹೋಗಬೇಕು.

"ದೊರೆಸ್ವಾಮಿಯವರೇ ಬಾಂಬ್ ಇಟ್ಟಿದ್ರಲ್ಲ, ನಮ್ಮ ಮಸಿ ಯಾವ ಲೆಕ್ಕ?" ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಅವತ್ತು ಬಡವನಿಗೆ ಓಟಿರಲಿಲ್ಲ, ಸಹಿ ಹಾಕಿ ಕೇಳಿದರೆ ಉತ್ತರ ಕೊಡುವವರಿರಲಿಲ್ಲ. ಇಷ್ಟೇ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಮ್ಮ ಮನೆಯಲ್ಲೇ ಒಂದು ಕತೆ ಇದೆ, ಅದು ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ.

ತುರ್ತು ಪರಿಸ್ಥಿತಿ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಅಪ್ಪ ಒಂದೇ ಒಂದು ಟ್ರೆಡಲ್ ಮಷಿನ್ ಇಟ್ಟುಕೊಂಡಿದ್ದರು, ಕಾಲಲ್ಲಿ ತುಳಿಯುವುದು. 1976ರಲ್ಲಿ ಆಕ್ಷೇಪಾರ್ಹ ವಿಷಯ ಅಚ್ಚು ಹಾಕುವುದನ್ನು ತಡೆಯುವ ಕಾಯಿದೆ ಬಂದಿತ್ತು. ಪ್ರೆಸ್ಸಿನವರಿಂದ ಠೇವಣಿ ಕೇಳಬಹುದಿತ್ತು, ಪ್ರೆಸ್ಸನ್ನೇ ಮುಟ್ಟುಗೋಲು ಹಾಕಬಹುದಿತ್ತು. ಒಂದು ರಾತ್ರಿ ಯಾರೋ ತಂದ ಒಂದು ಹಾಳೆಯನ್ನು ಅಪ್ಪ ಅಚ್ಚು ಹಾಕಿದರಂತೆ. ಯಾರ ಹೆಸರೂ ಇಲ್ಲ, ಕೊನೆಯ ಸಾಲೂ ಇಲ್ಲ. ಕಿಟಕಿಗೆ ಕಂಬಳಿ ಕಟ್ಟಿದ್ದರಂತೆ. ನಮ್ಮ ಕೇಸಿನಲ್ಲಿದ್ದ ಕೆಲವು ಮೊಳೆಗಳು ಮುಕ್ಕಾಗಿದ್ದವು. ಮುಕ್ಕಾದ ಅಕ್ಷರ ನೋಡಿಯೇ ಇದು ಯಾವ ಪ್ರೆಸ್ಸಿನದು ಎಂದು ಬಲ್ಲವರು ಹೇಳಿಬಿಡುತ್ತಿದ್ದರು. ಅದಕ್ಕೆ ಅವನ್ನೆಲ್ಲ ಆರಿಸಿ ಹೊರಗಿಟ್ಟು ಕಂಪೋಸ್ ಮಾಡಿದರು. ಬೆಳಕು ಹರಿಯುವುದರೊಳಗೆ ಮೊಳೆಗಳನ್ನು ಬಿಚ್ಚಿ ಮನೆಮನೆಗೆ ಹಾಕಿಬಿಟ್ಟರು. ಅಪ್ಪ ಬದುಕಿರುವ ತನಕ ಇದನ್ನು ಬಾಯಿಬಿಡಲಿಲ್ಲ. ಅವ್ವ ಹೇಳಿದ್ದು. ಆ ಹಾಳೆಯಲ್ಲಿ ಏನಿತ್ತು ಎಂದು ಕೇಳಿದರೆ, "ನಂಗೇನು ಓದಕ್ಕೆ ಬರ್ತದಾ ಮಗಾ, ನಾನು ಕಂಬಳಿ ಹಿಡಿದಿದ್ದೆ" ಅಂದಳು.

ಅಪ್ಪ ಮಾಡಿದ್ದು ತಪ್ಪೇ? ನನ್ನ ಬಾಯಿಂದ ಹಾಗೆ ಬರುವುದಿಲ್ಲ. ಹೆಸರು ಹಾಕಿದ್ದರೆ ಮಾರನೆಯ ದಿನ ಪ್ರೆಸ್ಸೂ ಇರುತ್ತಿರಲಿಲ್ಲ, ಹಾಳೆಯೂ ಜನರ ಕೈಗೆ ಹೋಗುತ್ತಿರಲಿಲ್ಲ.

ಈಗ ನನ್ನದು. 2011. ಒಂದು ಭಾನುವಾರ ಇಬ್ಬರು ಹೆಣ್ಣುಮಕ್ಕಳು ಪ್ರೆಸ್ಸಿಗೆ ಬಂದರು. ಮೈಸೂರು ರಸ್ತೆಯ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್ ಕೆಲಸ. ಸಂಬಳದಲ್ಲಿ ತಿಂಗಳು ತಿಂಗಳೂ ಪಿಎಫ್ ಹಿಡಿಯುತ್ತಿದ್ದಾರೆ, ಕಟ್ಟಿಲ್ಲ. ಗೋಡೆಗೆ ಹಚ್ಚುವ ನೋಟೀಸೆಲ್ಲ ಇಂಗ್ಲಿಷಿನಲ್ಲಿ. ಕೆಲಸಗಾರರಿಗೆ ವಿಷಯ ಗೊತ್ತಾಗಲೆಂದು 1000 ಕರಪತ್ರ ಬೇಕು.

"ಯಾರ ಹೆಸರಮ್ಮಾ?" ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೆಸರು ಹಾಕಿದ್ರೆ ನಾಳೆ ಗೇಟ್ ಒಳಗೆ ಬಿಡಲ್ಲ ಅಣ್ಣಾ."

ಕಾಯಿದೆ ಪ್ರಕಾರ ನಾನು ಅವರನ್ನು ವಾಪಸ್ ಕಳಿಸಬೇಕಿತ್ತು. ಬೀದಿಯಲ್ಲಿದ್ದ ಇನ್ನೊಂದು ಪ್ರೆಸ್ಸಿನವರು ಹಾಗೇ ಕಳಿಸಿದ್ದರು. ನಾನು ಯೋಚನೆ ಮಾಡಿದೆ: ಹಣ ಹಿಡಿದು ಕಟ್ಟದವನು ಕಾಯಿದೆ ಮುರಿದು ಆರಾಮಾಗಿ ಕಾರಿನಲ್ಲಿ ಓಡಾಡುತ್ತಿದ್ದಾನೆ, ಅದನ್ನು ಹೇಳಲು ಹೊರಟ ಈ ಹೆಣ್ಣುಮಕ್ಕಳಿಗೆ ಕಾಯಿದೆ ಅಡ್ಡ ಬರುತ್ತಿದೆ. ಪ್ರಕಾಶಕರ ಜಾಗದಲ್ಲಿ 'ನೊಂದ ಕೆಲಸಗಾರರು' ಎಂದು ಹಾಕಿದೆ. ಅದು ಕಾಯಿದೆ ಒಪ್ಪುವ ಹೆಸರಲ್ಲ. ಕೊನೆಯ ಸಾಲಿನಲ್ಲಿ ನನ್ನ ಪ್ರೆಸ್ಸಿನ ಹೆಸರು, ರಸ್ತೆ ಸಮೇತ ಹಾಕಿದೆ. ಬರುವುದಿದ್ದರೆ ನನ್ನ ಹತ್ತಿರ ಬರಲಿ ಎಂಬ ಧೈರ್ಯ. ಜಂಬ ಎಂದರೂ ಸರಿಯೇ.

ಬಂದರು. ಎರಡನೆಯ ದಿನವೇ ಒಂದು ಠಾಣೆಯಿಂದ ಕರೆ. ಬೆಳಿಗ್ಗೆ ಹೋದವನನ್ನು ದೀಪ ಹಚ್ಚುವ ಹೊತ್ತಿನ ತನಕ ಬೆಂಚಿನ ಮೇಲೆ ಕೂರಿಸಿದರು. "ಬರೆಸಿದೋರ ಹೆಸರು ಹೇಳು, ಎದ್ದು ಹೋಗು" ಎನ್ನುವುದು. ನಾನು "ಪ್ರೆಸ್ಸು ನನ್ನದು ಸಾರ್, ಹೆಸರು ಹಾಕಿದ್ದೀನಲ್ಲ, ಕೇಸು ಹಾಕೋದಾದ್ರೆ ನನ್ನ ಮೇಲೆ ಹಾಕಿ" ಎನ್ನುವುದು. ಕೇಸು ಹಾಕಲಿಲ್ಲ. ಹಾಕಿದ್ದರೆ ಪಿಎಫ್ ಮಾತು ಕೋರ್ಟಿಗೆ ಬರುತ್ತಿತ್ತಲ್ಲ! ಆದರೆ ಮೂರು ನಾಲ್ಕು ಖಾಯಂ ಗಿರಾಕಿಗಳು ಬಿಲ್ ಬುಕ್ ಕೆಲಸ ಕೊಡುವುದನ್ನು ನಿಲ್ಲಿಸಿದರು. ಆ ವರ್ಷ ಹೆಂಡತಿಯ ಸರ ಗಿರವಿ ಅಂಗಡಿಯಲ್ಲಿತ್ತು.

ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ಹೊಡೆಯುತ್ತೀರಿ. ಹೊಡೆಯಬೇಡಿ. ಕೊನೆಯ ಸಾಲು ನೋಡಿದವರು ನನ್ನ ಬೀದಿಗೆ ಬಂದರು, ಅಕ್ಕಪಕ್ಕದ ಅಂಗಡಿಯಲ್ಲಿ ವಿಚಾರಿಸಿದರು. ಭಾನುವಾರ ಯಾರು ಬಂದಿದ್ದರು, ಹೇಗಿದ್ದರು ಎಂದು ಯಾರೋ ಹೇಳಿದರು. ಇಬ್ಬರಲ್ಲಿ ಒಬ್ಬಳ ಕೆಲಸ ಹೋಯಿತು. ಅವಳ ಹೆಸರನ್ನು ನಾನು ಠಾಣೆಯಲ್ಲಿ ಬಚ್ಚಿಟ್ಟೆ. ಆದರೆ ದಾರಿ ತೋರಿಸಿದ್ದು ನನ್ನ ಹೆಸರು. ಅಪ್ಪನ ಹಾಗೆ ಎರಡೂ ಹೆಸರು ಬಿಟ್ಟು ರಾತ್ರಿ ಅಚ್ಚು ಹಾಕಿದ್ದರೆ ಅವಳ ಕೆಲಸ ಉಳಿಯುತ್ತಿತ್ತೇನೋ. ಬಾಕಿ ಪಿಎಫ್ ಕೆಲವು ತಿಂಗಳ ಮೇಲೆ ಕಟ್ಟಿದರು ಎಂದು ಕೇಳಿದೆ. ಕರಪತ್ರದಿಂದಲೋ, ಇನ್ಯಾರ ದೂರಿನಿಂದಲೋ.

ಎರಡು ವರ್ಷ ಕಳೆದ ಮೇಲೆ ಅವಳು ನಮ್ಮೂರಿನ ರೇಷ್ಮೆ ನೂಲು ಬಿಚ್ಚುವ ಒಂದು ಕಡೆ ಕೆಲಸದಲ್ಲಿರುವಾಗ ಸಿಕ್ಕಳು. ಬಿಸಿನೀರಲ್ಲಿ ಗೂಡು ಆಡಿಸಿ ಆಡಿಸಿ ಬೆರಳು ಬೆಳ್ಳಗೆ ಸುಕ್ಕಾಗಿದ್ದವು. ನನ್ನ ತಪ್ಪನ್ನು ಒಪ್ಪಿಕೊಂಡೆ. ಅವಳು ಅಂದದ್ದು ಇಷ್ಟು: "ನಿಮ್ಮ ಹೆಸರೂ ಇಲ್ದೇ ಇದ್ದಿದ್ರೆ ಆ ಕಾಗದಾನ ನಮ್ಮೋರೇ ನಂಬ್ತಿರಲಿಲ್ಲ ಅಣ್ಣಾ. ಯಾರೋ ಬೇಕಂತ ಹಾಕವ್ರೆ ಅಂತಿದ್ರು." ಸಮಾಧಾನಕ್ಕೆ ಹೇಳಿದಳೋ, ನಿಜಕ್ಕೇ ಹೇಳಿದಳೋ. ಕೆಲಸ ಕಳಕೊಂಡವಳು ಅವಳು, ಹೇಳುವ ಹಕ್ಕು ಅವಳದು.

ಇಷ್ಟು ಆದ ಮೇಲೆ ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಕಾಯಿದೆ ಮುರಿದರೆ ಏಟು ಯಾರಿಗೆ ಬೀಳುತ್ತದೆ? ಚನ್ನಪಟ್ಟಣ ದಾಟಿದರೆ ಮದ್ದೂರು, ಅದರ ಪಕ್ಕ ಶಿವಪುರ. 1938ರ ಏಪ್ರಿಲಿನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ಧ್ವಜ ಹಾರಿಸಕೂಡದು ಎಂದು ಸರ್ಕಾರದ ನಿಷೇಧ. ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಮತ್ತು ಉಳಿದ ನಾಯಕರು ಕತ್ತಲಲ್ಲಿ ಕಟ್ಟಿ ಓಡಲಿಲ್ಲ. ಸಾವಿರಾರು ಜನರ ಎದುರಿಗೆ, ಪೊಲೀಸರ ಎದುರಿಗೆ ಹಾರಿಸಿ ಬಂಧನಕ್ಕೆ ಒಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿಯೇ ಸೇರಿದ ಜನರ ಮೇಲೆ ಗೋಲಿಬಾರ್ ಆಗಿ ಹೆಣಗಳು ಬಿದ್ದವು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು, ದಿವಾನ್ ಮಿರ್ಜಾ ಅವರ ಜೊತೆ ಮಾತಾಗಿ, ಸಂಸ್ಥಾನದ ಧ್ವಜದ ಜೊತೆ ಆ ಧ್ವಜವನ್ನೂ ಹಾರಿಸಲು ಸರ್ಕಾರವೇ ಒಪ್ಪಿತು. ನಮ್ಮ ರಾಮನಗರದವರೇ ಆದ ಕೆಂಗಲ್ ಹನುಮಂತಯ್ಯನವರೂ ವಕೀಲಿಕೆ ಓದಿ, ಆ ಚಳವಳಿಗಳಲ್ಲಿ ಹಲವು ಸಲ ಜೈಲಿಗೆ ಹೋದವರು. ಕಾಯಿದೆ ಮುರಿದು ಒಳಗೆ ಹೋದವರೇ ಮುಂದೆ ಮುಖ್ಯಮಂತ್ರಿಯಾಗಿ ಕಾಯಿದೆ ಮಾಡುವ ವಿಧಾನಸೌಧ ಕಟ್ಟಿಸಿದರು!

ಇನ್ನು ನಮ್ಮ ಬೋರ್ಡಿನ ವಿಚಾರ. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಇಂಗ್ಲಿಷ್ ಬೋರ್ಡುಗಳು ಒಡೆದವು, ಹೋರಾಟಗಾರರು ಜೈಲಿಗೆ ಹೋದರು. ಬೋರ್ಡಿನಲ್ಲಿ 60 ಭಾಗ ಕನ್ನಡ ಇರಬೇಕೆಂಬ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ವಾಪಸ್ ಕಳಿಸಿದರು, 2024ರ ಫೆಬ್ರವರಿಯಲ್ಲಿ ವಿಧಾನಮಂಡಲವೇ ಅದನ್ನು ಕಾಯಿದೆ ಮಾಡಿತು. "ಒಡೆದಿದ್ದಕ್ಕೇ ಬಂತು" ಎನ್ನುತ್ತೀರಿ. ಹಗಲಲ್ಲಿ, ಕ್ಯಾಮೆರಾ ಎದುರಿಗೆ ಬೀದಿಗಿಳಿದು ಒಳಗೆ ಹೋದವರ ಎದೆಗಾರಿಕೆಗೆ ನನ್ನ ನಮಸ್ಕಾರ. ಒಡೆದ ಗಾಜಿಗೆ ನಮಸ್ಕಾರ ಮಾಡಲಾರೆ. ಆ ಗಾಜಿನ ಹಿಂದೆ 15 ಸಾವಿರ ಸಂಬಳಕ್ಕೆ ನಿಂತಿರುವವನು ಬಹಳ ಸಲ ಮಾಗಡಿಯ ಕಡೆಯ ನಮ್ಮ ಹುಡುಗನೇ.

ಕೋಪ ಮಾಡಿಕೊಳ್ಳಬೇಡಿ, ಇನ್ನೊಂದು ಮಾತೂ ಹೇಳಿಬಿಡುತ್ತೇನೆ. 2016ರಿಂದ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ. ನವೆಂಬರ್ ಬಂದರೆ ಕಂಬ ಕಂಬಕ್ಕೂ ನಿಮ್ಮ ನಿಮ್ಮ ಮುಖದ ಫ್ಲೆಕ್ಸ್. ಭುವನೇಶ್ವರಿ ಮೂಲೆಯಲ್ಲಿ ಚಿಕ್ಕದಾಗಿ, ಅಣ್ಣಂದಿರು ದೊಡ್ಡದಾಗಿ! ಆ ಕಾಯಿದೆ ಮುರಿಯುವಾಗ ಯಾರಿಗೂ ಧರ್ಮಸಂಕಟ ಬಂದದ್ದು ನಾನು ಕಾಣೆ. ಅಲ್ಲಿ ಹೆಸರೂ ಇರುತ್ತದೆ, ಫೋನ್ ನಂಬರೂ ಇರುತ್ತದೆ. ಬ್ಯಾಂಕಿನ ಮುದುಕನ ಪರವಾಗಿ ಬರೆದ ಹಾಳೆಗೆ ಬಂದಾಗ ಮಾತ್ರ "ಯಾರದೂ ಬೇಡ ಅಣ್ಣಾ"!

ಅದಕ್ಕೆ, ಆ ಇಬ್ಬರಿಗೆ ಹೇಳುವುದು. ನೀವು ಇಲ್ಲೇ ಕೂತಿದ್ದೀರಿ, ನಿಮ್ಮ ಹೆಸರು ಹೇಳುವುದಿಲ್ಲ. ನಿಮ್ಮ ಬರಹ ನನ್ನ ಮೇಜಿನ ಖಾನೆಯಲ್ಲಿದೆ, ಕಾಗುಣಿತ ತಿದ್ದಿಟ್ಟಿದ್ದೇನೆ. ಹೆಸರು ಹಾಕಿದರೆ ಕೆಲಸ ಹೋಗುವ ಹೆಣ್ಣುಮಗಳಲ್ಲ ನೀವು. ಒಬ್ಬ ಡಿಗ್ರಿ ಓದುತ್ತಿದ್ದೀಯ, ಇನ್ನೊಬ್ಬನಿಗೆ ಅಪ್ಪನ ಅಂಗಡಿ ಇದೆ. ರಾತ್ರಿ 11 ಎಂಬುದನ್ನು ಹೊಡೆದು ಬೆಳಿಗ್ಗೆ 11 ಎಂದು ಬರೆಯಿರಿ. ಮಸಿ ಡಬ್ಬ ಮನೆಯಲ್ಲಿಡಿ. ವಾಪಸ್ ತಳ್ಳಿಸಿಕೊಂಡ ಆ ಮುದುಕರು ಒಪ್ಪಿದರೆ ಅವರನ್ನೂ ಕರೆದುಕೊಂಡು ಬ್ಯಾಂಕಿನ ಬಾಗಿಲಲ್ಲಿ ಕೂರಿ, ಎಲ್ಲರ ಕೈಯಲ್ಲೂ ಕನ್ನಡದ ಚಲನ್ ಇರಲಿ. ಅನುಮತಿ ಕೇಳಿ. ಕೊಡದಿದ್ದರೂ ಕೂರಿ, ವ್ಯಾನ್ ಬಂದರೆ ಹತ್ತಿ. ಮುದುಕರನ್ನು ಮಾತ್ರ ಹತ್ತಿಸಬೇಡಿ. ಕೆಳಗೆ ನಿಮ್ಮಿಬ್ಬರ ಹೆಸರು, ಅದರ ಕೆಳಗೆ ನನ್ನ ಪ್ರೆಸ್ಸಿನದು. 1000 ಪ್ರತಿ, ಕಾಗದದ ದುಡ್ಡು ಮಾತ್ರ ಕೊಡಿ. ನಾಳೆ ಬೆಳಿಗ್ಗೆ ಬಂದರೆ ಸಂಜೆಯೊಳಗೆ ಆಗುತ್ತದೆ.